ಹಿಂಗೈಗೆ ಫಿಲ್ಲರ್ ಚುಚ್ಚುಮದ್ದು

ಅಂಗೈಯ ಚರ್ಮ ದಪ್ಪ, ಹಿಂಗೈಯ ಚರ್ಮ ತೆಳು. ಸನಿಕೆ ಹಿಡಿಯಲಿ, ಲಟ್ಟಣಿಗೆ ಹಿಡಿಯಲಿ, ಬೈಕಿನ ಹಿಡಿ ಹಿಡಿಯಲಿ, ಒತ್ತಡ ತಾಳುವುದು ಅಂಗೈ. ಬಿಸಿಲು ತಾಳುವುದು ಹಿಂಗೈ. ಹಾಗಾಗಿ ವಯಸ್ಸಿನ ಗುರುತು ಬೇಗ ಮೂಡುವ ಜಾಗಗಳಲ್ಲಿ ಹಿಂಗೈಯೂ ಒಂದು.

ಇಲ್ಲಿನ ಚರ್ಮದ ಅಡಿಯಲ್ಲಿ ಕೊಬ್ಬಿನ ತೆಳುಪದರಗಳಿವೆ. ಅವುಗಳ ನಡುವೆ ರಕ್ತನಾಳ ಮತ್ತು ನರಗಳು ಹಾಯುತ್ತವೆ. ಇನ್ನೂ ಆಳದಲ್ಲಿ ಬೆರಳುಗಳನ್ನು ಚಾಚುವ ಸ್ನಾಯುರಜ್ಜುಗಳಿವೆ. ಪ್ರಾಯದಲ್ಲಿ ಈ ಕೊಬ್ಬು ಎಲ್ಲವನ್ನೂ ಹೊದಿಕೆಯಂತೆ ಮುಚ್ಚಿರುತ್ತದೆ. ವಯಸ್ಸಾದಂತೆ ಅದು ಕರಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಮೂಳೆಗಳ ನಡುವೆ ಗುಳಿ ಬೀಳುತ್ತದೆ. ಜೊತೆಗೆ ಚರ್ಮದೊಳಗಿನ ಕೊಲಾಜೆನ್, ಇಲಾಸ್ಟಿನ್ ನಾರುಗಳೂ ಸವೆಯುತ್ತವೆ. ಚಿವುಟಿ ಬಿಟ್ಟ ಚರ್ಮ ಥಟ್ಟನೆ ಹಿಂದಿರುಗದೆ ನಿಧಾನವಾಗಿ ಕೂರುವುದು ಇದರಿಂದಲೇ. ಅಡಿಯ ತುಂಬು ಕರಗುವುದು ಒಂದು, ಮೇಲಿನ ಚರ್ಮ ಸವೆಯುವುದು ಇನ್ನೊಂದು. ಚರ್ಮದಡಿಗೆ ಚುಚ್ಚಿ ತುಂಬುವ ಮದ್ದಾದ ಫಿಲ್ಲರ್ ಮುಖ್ಯವಾಗಿ ಮೊದಲನೆಯದಕ್ಕೆ ಪರಿಹಾರ.

ಎರಡನೆಯದರ ದೊಡ್ಡ ಕಾರಣ ಬಿಸಿಲು. ಪುಣೆಯ ಪೂರ್ವಕ್ಕೆ, ಸೋಲಾಪುರ ರಸ್ತೆಯ ಮೇಲಿರುವ ಹಡಪಸರದಲ್ಲಿ ಮೇ ನಡುವೆ ಒಮ್ಮೆ, ಜುಲೈ ಕೊನೆಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಸ್ಕೂಟರಿನಲ್ಲಿ ಅಲ್ಲಿನ ಮಗರಪಟ್ಟಾದ ಕಚೇರಿಗೆ ಹೋಗುವವರ ಹಿಂಗೈ ದಾರಿಯುದ್ದಕ್ಕೂ ಆಕಾಶಕ್ಕೆ ತೆರೆದಿರುತ್ತದೆ. ಪಕ್ಕದ ಮಾಂಜರಿಯ ಹೊಲಗಳಲ್ಲಿ ದುಡಿಯುವವರದು ದಿನವಿಡೀ. ಕಾರಿನ ಒಳಗೂ ಪೂರ್ತಿ ರಕ್ಷಣೆಯಿಲ್ಲ: ನೇರಳಾತೀತ ಕಿರಣಗಳಲ್ಲಿ ‘ಎ’ ಬಗೆಯವು ಪಕ್ಕದ ಕಿಟಕಿಯ ಗಾಜನ್ನು ಬಹುಮಟ್ಟಿಗೆ ದಾಟುತ್ತವೆ. ಕಂದು ಕಲೆ, ಒರಟುತನ, ಸಣ್ಣ ಸುಕ್ಕು ಈ ಬಿಸಿಲಿನ ಫಲ.

ತುಂಬು ಮರಳಿಸುವ ಯೋಚನೆ ಹೊಸದಲ್ಲ. 1893ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಗುಸ್ತಾವ್ ನಾಯ್ಬರ್ ತೋಳಿನ ಕೊಬ್ಬು ತೆಗೆದು ಮುಖದ ಗುಳಿ ತುಂಬಿದ್ದರು. ಸ್ವಂತ ಕೊಬ್ಬನ್ನು ಹೀಗೆ ಹಿಂಗೈಗೆ ತುಂಬುವುದು ಇಂದಿಗೂ ಉಂಟು. ಆದರೆ ಅದಕ್ಕೆ ಮೊದಲು ಹೊಟ್ಟೆ ಅಥವಾ ತೊಡೆಯಿಂದ ಕೊಬ್ಬು ಹೀರಿ ತೆಗೆಯಬೇಕು. ಸಿದ್ಧ ಫಿಲ್ಲರುಗಳು ಆ ಕೆಲಸ ತಪ್ಪಿಸಿವೆ. ಅವುಗಳಲ್ಲಿ ಎರಡು ಮುಖ್ಯ. ಒಂದು ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್. ಮೂಳೆ, ಹಲ್ಲುಗಳಲ್ಲಿರುವ ಖನಿಜದ ಬಗೆಯದೇ ಆದ ಇದರ ಅತಿಸಣ್ಣ ಗೋಲಿಗಳು ಜೆಲ್ಲಿನಲ್ಲಿ ತೇಲುತ್ತಿರುತ್ತವೆ. ಜೆಲ್ ಕೆಲವು ತಿಂಗಳಲ್ಲಿ ಕರಗಿದರೂ ಗೋಲಿಗಳ ಸುತ್ತ ದೇಹ ಹೊಸ ಕೊಲಾಜೆನ್ ಹೆಣೆಯುತ್ತದೆ. ಇನ್ನೊಂದು ಹಯಲುರಾನಿಕ್ ಆಮ್ಲ. ಇದನ್ನು 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನ ದ್ರವದಿಂದ ಬೇರ್ಪಡಿಸಿದರು. ಇದು ನೀರನ್ನು ಹಿಡಿದಿಟ್ಟುಕೊಂಡು ಉಬ್ಬು ಕೊಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಿಂಗೈಯ ಬಳಕೆಗೆಂದು ಮೊದಲ ಬಗೆಯ ರೇಡಿಯೆಸ್‌ಗೆ 2015ರಲ್ಲಿ, ಎರಡನೆಯ ಬಗೆಯ ರೆಸ್ಟಿಲೇನ್ ಲಿಫ್ಟ್‌ಗೆ 2018ರಲ್ಲಿ ಒಪ್ಪಿಗೆ ನೀಡಿತು.

ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಉಂಗುರ ತೆಗೆಸಿ, ಕೈಯನ್ನು ಔಷಧದಿಂದ ಶುಚಿಗೊಳಿಸುತ್ತಾರೆ. ನೋವು ತಿಳಿಯದಂತೆ ಫಿಲ್ಲರಿನಲ್ಲೇ ಲಿಡೋಕೇನ್ ಬೆರೆಸಿರುವುದುಂಟು. ವೈದ್ಯರು ಹಿಂಗೈಯ ಚರ್ಮವನ್ನು ಎರಡು ಬೆರಳಿನಿಂದ ಡೇರೆಯಂತೆ ಎತ್ತಿ, ರಕ್ತನಾಳ ಮತ್ತು ರಜ್ಜುಗಳಿಂದ ದೂರವಾದ ಸಡಿಲು ಜಾಗದಲ್ಲಿ ಫಿಲ್ಲರ್ ಬಿಡುತ್ತಾರೆ. ಸೂಜಿಯ ಬದಲು ಮೊಂಡು ತುದಿಯ ಕೊಳವೆ ಬಳಸಿದರೆ ರಕ್ತನಾಳ ಚುಚ್ಚುವ ಸಂಭವ ಕಡಿಮೆ. ಒಂದು ಕೈಗೆ ಸಾಮಾನ್ಯವಾಗಿ ಒಂದರಿಂದ ಮೂರು ಮಿಲಿಲೀಟರ್ ಸಾಕು. ಆಮೇಲೆ ಮುಷ್ಟಿ ಕಟ್ಟಿಸಿ, ಮೇಲಿನಿಂದ ನೀವಿ ಸಮವಾಗಿ ಹರಡುತ್ತಾರೆ. ಪರಿಣಾಮ ಅಂದೇ ಕಾಣುತ್ತದೆ. ಫಿಲ್ಲರಿನ ಬಗೆಯನ್ನು ಅವಲಂಬಿಸಿ ಸುಮಾರು ಆರು ತಿಂಗಳಿಂದ ಒಂದು ವರ್ಷ ಉಳಿಯುತ್ತದೆ.

ಊತ, ನೋವು, ಹೆಪ್ಪುಗಟ್ಟಿದ ನೀಲಿ ಗುರುತು ಕೆಲವು ದಿನ ಇರುವುದು ಸಹಜ. ಅಷ್ಟು ದಿನ ಮುಷ್ಟಿ ಬಿಗಿಯಲು ಕಷ್ಟವಾಗಬಹುದು. ಹಿಟ್ಟು ನಾದುವುದು, ಭಾರ ಎತ್ತುವುದನ್ನು ಬಿಡುವುದು ಲೇಸು. ಗಂಟು ಕಟ್ಟುವುದು, ಸೋಂಕು ತಗಲುವುದು ಅಪರೂಪ. ಫಿಲ್ಲರ್ ರಕ್ತನಾಳದೊಳಗೆ ಸೇರಿ ಅದನ್ನು ಮುಚ್ಚುವುದು ಇನ್ನೂ ಅಪರೂಪ, ಆದರೆ ಅಪಾಯಕರ. ಚರ್ಮ ಬಿಳಿಚಿ ತೀವ್ರ ನೋವು ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಹಯಲುರಾನಿಕ್ ಆಮ್ಲವನ್ನು ಹಯಲುರಾನಿಡೇಸ್ ಎಂಬ ಕಿಣ್ವದಿಂದ ಕರಗಿಸಬಹುದು. ಕ್ಯಾಲ್ಸಿಯಂ ಫಿಲ್ಲರಿಗೆ ಅಂಥ ಪ್ರತಿಮದ್ದಿಲ್ಲ. ಇದು ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುವುದರಿಂದ, ಮುಂದೆ ಕೈಯ ಎಕ್ಸ್‌ರೇ ತೆಗೆಸುವಾಗ ಮೊದಲೇ ತಿಳಿಸುವುದು ಅಗತ್ಯ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಕೈಯಲ್ಲಿ ಸೋಂಕು ಇರುವವರು ಫಿಲ್ಲರ್ ಚಿಕಿತ್ಸೆ ಮಾಡಿಸಿಕೊಳ್ಳುವಂತಿಲ್ಲ. ಕೈಗಂಟಿನ ವಾತ ಇರುವವರು, ಆಸ್ಪಿರಿನ್‌ನಂಥ ರಕ್ತ ತೆಳುಗೊಳಿಸುವ ಗುಳಿಗೆ ನುಂಗುವವರು ಅದನ್ನು ಮುಂಚೆಯೇ ಹೇಳಬೇಕು. ಚುಚ್ಚುವವರು ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ತರಬೇತಾದ ವೈದ್ಯರೇ ಆಗಿರಬೇಕು. ಇದು ಬ್ಯೂಟಿಪಾರ್ಲರಿನ ಕೆಲಸವಲ್ಲ.

ಫಿಲ್ಲರಿನಿಂದ ಕಂದು ಕಲೆ ಹೋಗುವುದಿಲ್ಲ. ಅದಕ್ಕೆ ಮುಲಾಮು, ಲೇಸರ್ ಬೇರೆ. ಕಂದು ಮೈಬಣ್ಣದ ಮೇಲೆ ಲೇಸರ್ ಹೆಚ್ಚಾದರೆ ಕಲೆ ಇನ್ನೂ ಕಪ್ಪಾಗುವುದುಂಟು. ತಡೆಯುವ ದಾರಿಯೇ ಸುಲಭ. ಸ್ಕೂಟರ್ ಓಡಿಸುವ ಪುಣೆಯ ಹೆಣ್ಣುಮಕ್ಕಳು ಮುಖಕ್ಕೆ ಸ್ಕಾರ್ಫ್ ಸುತ್ತಿ ತೋಳುದ್ದದ ಕೈಗವಸು ತೊಡುವ ರೂಢಿ ಹಿಂಗೈಗೆ ಒಳ್ಳೆಯ ರಕ್ಷಣೆ. ಸನ್‌ಸ್ಕ್ರೀನ್ ಹಚ್ಚುವವರಿಗೆ ಮಾತ್ರ ಒಂದು ಎಚ್ಚರ ಬೇಕು: ಮುಖಕ್ಕೆ ಹಚ್ಚಿದ್ದು ಕೆಲವು ಗಂಟೆ ಉಳಿದೀತು, ಕೈಗೆ ಹಚ್ಚಿದ್ದು ಕೈ ತೊಳೆದಾಗಲೆಲ್ಲ ಹೋಗುತ್ತದೆ. ತೊಳೆದ ಮೇಲೆ ಮತ್ತೆ ಹಚ್ಚಬೇಕು.