ಓದಿನ ಲೆಕ್ಕ

ಈ ವರ್ಷ 24 ಪುಸ್ತಕ ಓದಿಯೇ ಓದುತ್ತೇನೆಂದು ನಿಮ್ಮಲ್ಲಿ ಕೆಲವರು ಸಂಕಲ್ಪ ಮಾಡಿರುತ್ತೀರಿ. ಒಳ್ಳೆಯದೇ. ಆದರೆ ಪುಸ್ತಕಗಳನ್ನು ಬರೀ ಎಣಿಸುತ್ತ ಹೋಗುವುದರಲ್ಲಿ ಒಂದು ತೊಡಕಿದೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ತೆಳುವಾದ ಕಾದಂಬರಿ. ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಸುಮಾರು 700 ಪುಟಗಳದ್ದು. ನಿಮ್ಮ ಪಟ್ಟಿಯಲ್ಲಿ ಮಾತ್ರ ಎರಡೂ ಒಂದೊಂದೇ! ಡಿಸೆಂಬರ್ ಹತ್ತಿರವಾದಂತೆ ಕೈ ತಾನಾಗಿಯೇ ತೆಳು ಪುಸ್ತಕದ ಕಡೆ ಹೋಗುತ್ತದೆ. ದಪ್ಪನೆಯದು ಕಪಾಟಿನಲ್ಲೇ ಉಳಿಯುತ್ತದೆ. ಈ ವಯಸ್ಸಿನಲ್ಲಿ ಅದು ತಪ್ಪಿಹೋದರೆ, ಮುಂದೆ ಉದ್ಯೋಗ, ಸಂಸಾರಗಳ ನಡುವೆ ಅಷ್ಟು ಬಿಡುವು ಸಿಗುವುದು ಕಷ್ಟ.

ಆದ್ದರಿಂದ ಪುಟಗಳನ್ನು ಎಣಿಸಿ ನೋಡಿ. ದಿನಕ್ಕೆ 10 ಪುಟವೆಂದರೆ ವರ್ಷಕ್ಕೆ 3,650. ಈ ಲೆಕ್ಕದಲ್ಲಿ ‘ಮಲೆಗಳಲ್ಲಿ ಮದುಮಗಳು’ ಎರಡೂವರೆ ತಿಂಗಳ ಓದು, ಅಷ್ಟೆ. ಪರೀಕ್ಷೆಯ ದಿನಗಳಲ್ಲಿ ಸೊನ್ನೆ ಬಿದ್ದೀತು, ಬೀಳಲಿ. ಬೇಸಿಗೆ ರಜೆಯಲ್ಲಿ ತುಂಬಿಕೊಳ್ಳಬಹುದು.

ಇದಕ್ಕೆ ಹೊಸ ಡೈರಿ ಬೇಕಿಲ್ಲ, ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳು ಸಾಕು. ಪುಸ್ತಕದ ಹೆಸರು, ಲೇಖಕರು, ಆರಂಭಿಸಿದ ದಿನ, ಮುಗಿಸಿದ ದಿನ, ಪುಟಗಳು. ಜೊತೆಗೆ ನಿಮ್ಮದೇ ಮಾತಿನಲ್ಲಿ ಎರಡು ಸಾಲು. (ಪರೀಕ್ಷೆಗೆ ಬರೆಯುವಂಥ ಸಾರಾಂಶ ಬೇಡ!) ಅರ್ಧಕ್ಕೆ ಬಿಟ್ಟ ಪುಸ್ತಕವನ್ನೂ ಬರೆಯಿರಿ, ಎಷ್ಟನೆಯ ಪುಟದಲ್ಲಿ ಬಿಟ್ಟಿರಿ, ಏಕೆ ಬಿಟ್ಟಿರಿ ಎಂಬುದನ್ನೂ ಬರೆಯಿರಿ. ಎರಡು ವರ್ಷ ಕಳೆದು ಅದೇ ಪುಟದಿಂದ ಮತ್ತೆ ಓದಬೇಕೆನಿಸಿದರೆ, ಹುಡುಕುವ ಕಷ್ಟವಿರುವುದಿಲ್ಲ.