ಬಿಳಿ ಸೆರಗು: ನಾಚಿಕೆ ಬೇಡ, ತಿಳಿವಳಿಕೆ ಬೇಕು

(ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಸುವಿನ ಕೆಚ್ಚಲು ಬಾತರೆ ಅವತ್ತೇ ಡಾಕ್ಟರನ್ನು ಕರೆಸುವ ನಾವು, ನಮಗೇ ತುರಿಕೆ, ಉರಿ, ಒಡೆದ ಹಾಲಿನಂಥ ಬಿಳುಪು ಕಾಣಿಸಿಕೊಂಡರೆ ತಿಂಗಳುಗಟ್ಟಲೆ ಬಾಯಿ ಬಿಡೋದಿಲ್ಲ. ಇದು ಮಾಟವಲ್ಲ, ನಡತೆಯ ದೋಷವೂ ಅಲ್ಲ. ಕ್ಯಾಂಡಿಡಾ ಎಂಬ ಯೀಸ್ಟಿನ ಕೆಲಸ.

ಈ ಯೀಸ್ಟ್ ಅನೇಕ ಹೆಂಗಸರ ಮೈಯಲ್ಲಿ ತೊಂದರೆ ಕೊಡದೆ ಇರುತ್ತದೆ. ಮೊಸರು ಹೆಪ್ಪುಗಟ್ಟಿಸುವ ಬಳಗಕ್ಕೇ ಸೇರಿದ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಆದರೆ ಈಸ್ಟ್ರೋಜನ್ ಎಂಬ ಹಾರ್ಮೋನು ಏರಿದಾಗ ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಹೆಚ್ಚುತ್ತದೆ. ಯೀಸ್ಟಿಗೆ ಅದೇ ಮೇವು! ಆದ್ದರಿಂದಲೇ ಗರ್ಭಿಣಿಯರಲ್ಲಿ ಇದು ಹೆಚ್ಚು. ಕೆಲವರಿಗೆ ಮುಟ್ಟಿನ ಮುಂಚಿನ ವಾರ ಕೆರಳುತ್ತದೆ. ಮೈನೆರೆಯುವ ಮೊದಲು, ಮುಟ್ಟು ನಿಂತ ಮೇಲೆ ಅಪರೂಪ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೂ, ಆಂಟಿಬಯೋಟಿಕ್ ಮಾತ್ರೆಯಿಂದ ಒಳ್ಳೆಯ ಬ್ಯಾಕ್ಟೀರಿಯಾ ಸತ್ತರೂ ಯೀಸ್ಟ್ ಹಬ್ಬುತ್ತದೆ.

ಔಷಧಿ ಸುಲಭ. ಕ್ಲೋಟ್ರಿಮಜೋಲ್ ಎಂಬ ಒಳಗಿಡುವ ಮಾತ್ರೆಯಿಂದ ಹೆಚ್ಚಿನವರಿಗೆ ವಾರದೊಳಗೆ ಗುಣ ಕಾಣುತ್ತದೆ. ಗರ್ಭಿಣಿಯರು ಮಾತ್ರ ನುಂಗುವ ಫ್ಲುಕೋನಜೋಲನ್ನು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಲೇಬಾರದು. ಒಳಗೆ ಸೋಪು ಹಾಕಿ ತೊಳೆಯೋದು ಬೇಡ. ಕೆಟ್ಟ ವಾಸನೆ, ಜ್ವರ, ಕಿಬ್ಬೊಟ್ಟೆ ನೋವು ಇದ್ದರೆ ಬೇರೆ ಕಾಯಿಲೆ ಇರಬಹುದು, ಪರೀಕ್ಷೆ ಮಾಡಿಸಲೇಬೇಕು. ಮತ್ತೆ ಮತ್ತೆ ಬಂದರೆ ರಕ್ತದ ಸಕ್ಕರೆಯನ್ನೂ ನೋಡಿಸಿ.

ಗಂಡಸರಲ್ಲೂ ಒಂದು ಮಾತು: ಮನೆಯಾಕೆ ಆಸ್ಪತ್ರೆಗೆ ಹೋಗಬೇಕೆಂದರೆ ಯಾಕೆ ಅಂತ ಗದರಬೇಡಿ, ಜೊತೆಗೆ ಹೋಗಿ. ಹಾಲು ಕರೆಯುವ ಕೈ ಗಟ್ಟಿಯಾಗಿದ್ದರೆ ತಾನೇ ಸಂಘವೂ ಗಟ್ಟಿ!