ದಿನಕ್ಕೆ ಹದಿನೈದು ಜನರ ಹಾದಿ
(ಪರಿಸರ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ಅಕೇಶಿಯಾ ಮರವನ್ನು ಅರಿಯದವರಿಲ್ಲ. ಬೇಣಗಳನ್ನೂ ಬೋಳುಗುಡ್ಡಗಳನ್ನೂ ಆವರಿಸಿಕೊಂಡ ಈ ಮರದ ತವರು ಉತ್ತರ ಆಸ್ಟ್ರೇಲಿಯಾ, ಪಾಪುವಾ ನ್ಯೂಗಿನಿ ಮತ್ತು ಇಂಡೋನೇಷ್ಯಾದ ಕೆಲಭಾಗ. ತನ್ನ ತವರಿನಲ್ಲಿ ಅದು ಹೊಳೆಯಂಚಿನಲ್ಲಿ, ಹತ್ತಾರು ಬಗೆಯ ಗಿಡಮರಗಳ ನಡುವೆ ಬೆಳೆಯುವ ಒಂದು ಸಾಧಾರಣ ಮರ. ಇಲ್ಲಿ ಅದೇ ಮರ ಏಕಜಾತಿಯ ನೆಡುತೋಪಾಗಿ ಸಾವಿರಾರು ಎಕರೆಯ ಹುಲ್ಲುಗಾವಲನ್ನು ನುಂಗಿತು. ಬೀಜವನ್ನು ತಂದವರು ಆ ಬೀಜದ ನೆಲ ಕಲಿಸುವ ಪಾಠವನ್ನು ಜೊತೆಗೆ ತರಲಿಲ್ಲ. ಆ ನೆಲದಲ್ಲಿ ಜನರು ಹೇಗೆ ನಡೆಯುತ್ತಾರೆ, ಪರಸ್ಥಳದವರನ್ನು ಹೇಗೆ ನಡೆಸುತ್ತಾರೆ ಎಂಬುದು ಇಂದಿನ ವಿಷಯ.

ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದಲ್ಲಿ, ಕ್ಯಾಥರೀನ್ ಪಟ್ಟಣದ ಸಮೀಪ ನಿಟ್ಮಿಲುಕ್ ರಾಷ್ಟ್ರೀಯ ಉದ್ಯಾನವಿದೆ. ಮರಳುಗಲ್ಲಿನ ಪ್ರಸ್ಥಭೂಮಿ, ಅದನ್ನು ಕೊರೆದ ಕಣಿವೆಗಳು, ಬೇಸಿಗೆಯಲ್ಲೂ ಬತ್ತದ ಜಲಪಾತಗಳು ಇಲ್ಲಿನ ವೈಶಿಷ್ಟ್ಯ. ಇದು ಜಾವೋಯಿನ್ ಎಂಬ ಮೂಲನಿವಾಸಿಗಳ ನೆಲ. ದೀರ್ಘ ಹೋರಾಟದ ನಂತರ 1989ರಲ್ಲಿ ಭೂಮಿಯ ಒಡೆತನ ಅವರಿಗೆ ಮರಳಿತು. ಅವರು ಅದನ್ನು ಉದ್ಯಾನವಾಗಿಯೇ ಉಳಿಸಲು ಸರ್ಕಾರಕ್ಕೆ ಗುತ್ತಿಗೆಗೆ ಕೊಟ್ಟರು. ಆದರೆ ಆಡಳಿತ ಮಂಡಳಿಯಲ್ಲಿ ಬಹುಮತವನ್ನು ತಮ್ಮಲ್ಲಿಯೇ ಇರಿಸಿಕೊಂಡರು.

ಈ ಉದ್ಯಾನದಲ್ಲಿ ಜಾಟ್ಬುಲಾ ಎಂಬ ಕಾಲುಹಾದಿಯಿದೆ. ಭೂಮಿಯ ಹಕ್ಕಿಗಾಗಿ ಶ್ರಮಿಸಿದ ಜಾವೋಯಿನ್ ಹಿರಿಯರೊಬ್ಬರ ಹೆಸರು ಅದಕ್ಕಿದೆ. ನಿಟ್ಮಿಲುಕ್ ಕಣಿವೆಯಿಂದ ಲೆಲಿನ್ ಜಲಪಾತದವರೆಗಿನ ಈ ಹಾದಿಯ ಉದ್ದ ಸುಮಾರು 62 ಕಿಲೋಮೀಟರ್. ನಡಿಗೆಗೆ ಐದಾರು ದಿನ ಬೇಕು. ಜಾವೋಯಿನ್ ಜನರು ತಲೆಮಾರುಗಳಿಂದ ಓಡಾಡಿದ ಜಾಡು ಇದು. ನಡುವೆ ಊರಿಲ್ಲ, ಅಂಗಡಿಯಿಲ್ಲ. ಆಹಾರ, ಹಾಸಿಗೆ, ಔಷಧ ಎಲ್ಲವನ್ನೂ ಬೆನ್ನ ಮೇಲೆ ಹೊರಬೇಕು. ಕಸವನ್ನೂ ಹಾಗೆಯೇ ಹೊತ್ತು ಹಿಂತಿರುಗಬೇಕು. ಒಂದು ದಿನಕ್ಕೆ ಹೊರಡಲು ಅವಕಾಶವಿರುವುದು ಗರಿಷ್ಠ ಹದಿನೈದು ಜನರಿಗೆ. ಒಂದೇ ದಿಕ್ಕಿನಲ್ಲಿ ನಡೆಯಬೇಕು. ಮಳೆಗಾಲದಲ್ಲಿ ಹಾದಿ ಮುಚ್ಚಿರುತ್ತದೆ.

ಸಣ್ಣ ತಂಡಗಳನ್ನು ಮಾರ್ಗದರ್ಶಿಯೊಬ್ಬರು ಕರೆದೊಯ್ಯುವ ಪದ್ಧತಿ ಇಂತಹ ಪ್ರದೇಶಗಳಲ್ಲಿ ಬೆಳೆದಿದೆ. ನೆರೆಯ ಕಾಕಡು ಉದ್ಯಾನದಲ್ಲಂತೂ ಗುರುತು ಹಾಕಿದ ಹಾದಿಯೇ ಇಲ್ಲದ ಕಲ್ಲುನಾಡಿನಲ್ಲಿ, ಮುಂಗಡ ಅನುಮತಿ ಪಡೆದು ದಿನಗಟ್ಟಲೆ ನಡೆಯುವವರಿದ್ದಾರೆ. ತಂಡ ಬೆಳಕು ಹರಿಯುವಾಗಲೇ ಹೊರಡುತ್ತದೆ. ಬಿಸಿಲೇರಿದಾಗ ನೀರಿನ ಮಡುವಿನ ಬಳಿ ನೆರಳಲ್ಲಿ ತಂಗುತ್ತದೆ. ಯಾವ ಮಡುವಿನಲ್ಲಿ ಇಳಿಯಬಹುದು, ಯಾವ ನೀರಿನಲ್ಲಿ ಉಪ್ಪುನೀರಿನ ಮೊಸಳೆಯ ಭಯವಿದೆ ಎಂಬುದನ್ನು ಮಾರ್ಗದರ್ಶಿ ತಿಳಿದಿರಬೇಕು. ಸಾಬೂನು ಹೊಳೆಗೆ ಸೇರಕೂಡದು. ಶೌಚವು ನೀರಿನಿಂದ ದೂರವಿರಬೇಕು. ಬಂಡೆಗಳ ಮೇಲಿನ ಪ್ರಾಚೀನ ಚಿತ್ರಗಳನ್ನು ಕಣ್ಣಿನಿಂದ ನೋಡಬಹುದು, ಕೈಯಿಂದ ಮುಟ್ಟುವಂತಿಲ್ಲ. ಕೆಲವು ತಾಣಗಳಿಗೆ ಹೋಗುವಂತೆಯೇ ಇಲ್ಲ; ಏಕೆಂದು ಕೇಳಿದರೆ ವಿವರಣೆ ದೊರೆಯಲೇಬೇಕೆಂದೂ ಇಲ್ಲ. ದೇವರಕಾಡಿನಲ್ಲಿ ಕತ್ತಿ ಆಡಿಸದ ಮಲೆನಾಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಡಿಗೆಯ ಕಾಲವನ್ನು ಆರಿಸುವುದೂ ಒಂದು ವಿದ್ಯೆ. ಹೊರಗಿನವರಿಗೆ ಅಲ್ಲಿ ಎರಡೇ ಋತು, ಮಳೆ ಮತ್ತು ಒಣಹವೆ. ಕಾಕಡುವಿನ ಬಿನಿಂಜ್ ಜನರ ಲೆಕ್ಕದಲ್ಲಿ ಆರು ಋತುಗಳಿವೆ. ಮಲೆನಾಡಿನ ರೈತ ಮೃಗಶಿರ, ಆರಿದ್ರಾ, ಪುನರ್ವಸು ಎಂದು ಮಳೆಯನ್ನು ಗುರುತಿಸುವಂತೆ, ಅವರು ಗಾಳಿ, ಹೂವು, ಹುಲ್ಲಿನ ಬಾಗನ್ನು ನೋಡಿ ಋತುವನ್ನು ಗುರುತಿಸುತ್ತಾರೆ. ಮಳೆ ಹಿಂದೆ ಸರಿದು ಹುಲ್ಲು ಇನ್ನೂ ಪೂರ್ತಿ ಒಣಗದ ಯೆಗ್ಗೆ ಎಂಬ ಋತುವಿನಲ್ಲಿ ಅವರು ಅಲ್ಲಲ್ಲಿ ತೇಪೆಯಂತೆ ಸಣ್ಣ ಬೆಂಕಿ ಇಡುತ್ತಾರೆ. ಈ ತಣ್ಣನೆಯ ಬೆಂಕಿ ನೆಲಮಟ್ಟದಲ್ಲಿ ಉರಿದು, ರಾತ್ರಿಯ ಇಬ್ಬನಿಗೆ ಆರುತ್ತದೆ. ಆಗ ವರ್ಷದ ಕೊನೆಯ ಉರಿಬಿಸಿಲಿನಲ್ಲಿ ದೊಡ್ಡ ಕಾಳ್ಗಿಚ್ಚಿಗೆ ಉರುವಲು ಉಳಿಯುವುದಿಲ್ಲ. ಪಶ್ಚಿಮ ಆರ್ನೆಮ್ ಲ್ಯಾಂಡಿನಲ್ಲಿ 2006ರಿಂದ ಈ ಪಾರಂಪರಿಕ ಜ್ಞಾನವನ್ನು ಆಧರಿಸಿದ ಅಗ್ನಿ ನಿರ್ವಹಣಾ ಯೋಜನೆಯೊಂದು ನಡೆದು, ಹಸಿರುಮನೆ ಅನಿಲಗಳನ್ನು ತಗ್ಗಿಸುವ ಮಾದರಿಯೆಂದು ಹೆಸರಾಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ‘ತರಗು ಬೆಂಕಿ’ಯೂ ಇದೇ ಬಗೆಯ ತಿಳಿವಳಿಕೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಈ ವ್ಯವಸ್ಥೆಯನ್ನು ಕೆಡಿಸಿದ್ದರಲ್ಲಿ ಕೃಷಿ ವಿಜ್ಞಾನದ ಪಾಲೂ ಇದೆ. ಆಫ್ರಿಕಾದ ಗಾಂಬಾ ಹುಲ್ಲನ್ನು ಜಾನುವಾರುಗಳ ಮೇವಿಗೆಂದು ಉತ್ತರ ಪ್ರಾಂತ್ಯಕ್ಕೆ ತರಲಾಯಿತು. ಆಳೆತ್ತರವನ್ನು ಮೀರಿ ನಾಲ್ಕು ಮೀಟರಿನವರೆಗೆ ಬೆಳೆಯುವ ಈ ಹುಲ್ಲು ಹೊತ್ತಿದರೆ ಅಲ್ಲಿನ ಸ್ಥಳೀಯ ಹುಲ್ಲಿನ ಬೆಂಕಿಗಿಂತ ಹಲವು ಪಟ್ಟು ತೀವ್ರವಾಗಿ ಉರಿದು ಮರಗಳನ್ನೇ ಕೊಲ್ಲುತ್ತದೆ. 2008ರಲ್ಲಿ ಅದನ್ನು ಕಳೆಯೆಂದು ಘೋಷಿಸುವ ಹೊತ್ತಿಗೆ ಅದು ಬಹುದೂರ ಹಬ್ಬಿತ್ತು. ಅದರ ಬೀಜ ವಾಹನದ ಚಕ್ರಕ್ಕೂ ನಡೆಯುವವರ ಬಟ್ಟೆಗೂ ಅಂಟಿ ಸಾಗಬಲ್ಲದು. ಹಾಗಾಗಿ ಒಳ್ಳೆಯ ಮಾರ್ಗದರ್ಶಿ ಹೊರಡುವ ಮುನ್ನ ಮೊದಲು ಪರೀಕ್ಷಿಸುವುದು ಚಾರಣಿಗರ ಬೂಟು, ಕಾಲುಚೀಲಗಳನ್ನು.

ಬೂಟಿನ ಮಣ್ಣು ಬೀಜಕ್ಕಿಂತಲೂ ಅಪಾಯಕಾರಿ. ನೈಋತ್ಯ ಆಸ್ಟ್ರೇಲಿಯಾದ ಕಾಡುಗಳಲ್ಲಿ ಫೈಟಾಪ್ತೊರಾ ಎಂಬ ರೋಗಕಾರಕವು ಬೇರನ್ನು ಕೊಳೆಸಿ ಅಪಾರ ಪ್ರಮಾಣದ ಗಿಡಗಳನ್ನು ಸಾಯಿಸಿದೆ. ಅದು ಹರಡುವುದು ಒದ್ದೆ ಮಣ್ಣಿನ ಮೂಲಕ. ಆದ್ದರಿಂದಲೇ ಅಲ್ಲಿನ ಕಾಲುಹಾದಿಗಳಲ್ಲಿ ಬೂಟು ಉಜ್ಜಿ ತೊಳೆಯುವ ಕಟ್ಟೆಗಳಿವೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾಗುವುದೂ ಇದೇ ಕುಲದ ಜೀವಿ. ಮಳೆಗಾಲದ ಎರಡು ಬಿಸಿಲಿನ ನಡುವೆ ಬೋರ್ಡೋ ಸಿಂಪಡಿಸಲು ಪರದಾಡುವ ಬೆಳೆಗಾರರಿಗೆ ಅದರ ಶಕ್ತಿಯ ಅರಿವಿದೆ. ಆದರೂ ಮಲೆನಾಡಿನ ಚಾರಣದ ಹಾದಿಗಳಲ್ಲಿ ಬೂಟು ತೊಳೆದು ಕಾಡಿಗೆ ಕಾಲಿಡಿ ಎನ್ನುವ ರೂಢಿ ಬೆಳೆದಿಲ್ಲ.

ಜಾವೋಯಿನ್ ಜನರ ನೆಲದಲ್ಲಿಯೇ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಕಾಕಡುವಿನ ದಕ್ಷಿಣ ಭಾಗದ ಗುನ್ಲೊಮ್ ಜಲಪಾತ ಪ್ರಸಿದ್ಧ ಪ್ರವಾಸಿ ತಾಣ. 2019ರಲ್ಲಿ ಉದ್ಯಾನದ ಆಡಳಿತವು ಮೇಲಿನ ಮಡುಗಳಿಗೆ ಹೋಗುವ ಕಾಲುಹಾದಿಯನ್ನು ಪವಿತ್ರ ತಾಣವೊಂದರ ಸಮೀಪ, ಅಗತ್ಯವಾದ ಅನುಮತಿ ಪಡೆಯದೆ ಹೊಸದಾಗಿ ನಿರ್ಮಿಸಿತು. ಜಾವೋಯಿನ್ ಹಿರಿಯರು ನೊಂದರು. ಜಲಪಾತ ಪ್ರವಾಸಿಗರಿಗೆ ಮುಚ್ಚಿತು. ಪವಿತ್ರ ತಾಣಗಳ ರಕ್ಷಣಾ ಪ್ರಾಧಿಕಾರವು ಮೊಕದ್ದಮೆ ಹೂಡಿತು. ಪ್ರಾಂತ್ಯದ ಪವಿತ್ರ ತಾಣಗಳ ಕಾನೂನು ರಾಷ್ಟ್ರೀಯ ಉದ್ಯಾನಗಳ ನಿರ್ದೇಶಕರಿಗೂ ಅನ್ವಯಿಸುತ್ತದೆ ಎಂದು 2024ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ತೀರ್ಪಿತ್ತಿತು. ಅಲ್ಲಿ ನಿರ್ಮಿಸಿದ್ದು ಹೆದ್ದಾರಿಯಲ್ಲ, ಅಣೆಕಟ್ಟಲ್ಲ. ಒಂದು ಕಾಲುಹಾದಿ ಮಾತ್ರ. ನೆಲದವರನ್ನು ಕೇಳದೆ ಮಾಡಿದರೆ ಕಾಲುಹಾದಿಯೂ ಆಕ್ರಮಣವೇ ಆಗುತ್ತದೆ.

ಇನ್ನು ಈ ಕಡೆಯ ಸ್ಥಿತಿ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಲೇ ಮುಗಿಬಿದ್ದರು. ಆ ದೃಶ್ಯವನ್ನು ಕಂಡು ಸರ್ಕಾರವು ಆನ್‌ಲೈನ್ ನೋಂದಣಿ ಇಲ್ಲದ ಚಾರಣಕ್ಕೆ ತಡೆಯೊಡ್ಡಿತು. ಸಂಖ್ಯೆಗೆ ಮಿತಿ ಹಾಕಿದ್ದು ಸರಿಯಾದ ಹೆಜ್ಜೆ. ಆದರೆ ಮಿತಿಯೊಂದೇ ಸಾಲದು. ಶೋಲಾ ಕಾಡಿನ ಅಂಚಿನಲ್ಲಿ, ಮಣ್ಣಿನ ಪದರ ತೆಳುವಾಗಿರುವ ಹುಲ್ಲುಗಾವಲಿನಲ್ಲಿ ಒಮ್ಮೆ ಸವೆದ ಜಾಡು ಮುಂದಿನ ಮಳೆಗೆ ಕೊರಕಲಾಗುತ್ತದೆ. ಆ ಕೊರಕಲಿನ ಮಣ್ಣು ಇಳಿಯುವುದು ಕೆಳಗಿನ ಗದ್ದೆ, ತೋಟಗಳಿಗೆ. ಲಾಭ ಪಡೆಯುವವರು ದೂರದ ನಗರದಲ್ಲಿದ್ದು, ನಷ್ಟ ಅನುಭವಿಸುವವರು ಬೆಟ್ಟದ ಬುಡದಲ್ಲಿದ್ದರೆ, ಅದನ್ನು ಪರಿಸರ ಪ್ರವಾಸೋದ್ಯಮವೆಂದು ಕರೆಯಲಾಗದು.

ಆಸ್ಟ್ರೇಲಿಯಾದ ನಿಯಮಗಳನ್ನು ಹಾಗೆಯೇ ಇಲ್ಲಿ ನೆಡುವುದು ಅಕೇಶಿಯಾ ನೆಟ್ಟಂತೆಯೇ ಆದೀತು. ಅಲ್ಲಿಯದು ಜನವಿರಳ ಬಯಲು. ಇಲ್ಲಿ ಕಾಡಿನೊಳಗೇ ಮನೆಗಳಿವೆ, ಸೊಪ್ಪಿನ ಬೆಟ್ಟಗಳಿವೆ. ತರಬೇಕಾದದ್ದು ಪ್ರಶ್ನೆಗಳನ್ನು. ಈ ಹಾದಿ ದಿನಕ್ಕೆ ಎಷ್ಟು ಜನರನ್ನು ತಾಳೀತು? ಯಾವ ತಿಂಗಳಲ್ಲಿ ಅದಕ್ಕೆ ವಿಶ್ರಾಂತಿ ಬೇಕು? ಯಾವ ಬನ, ಯಾವ ಜಲಮೂಲ ಹೊರಗಿನವರಿಗೆ ಮುಚ್ಚಿರಬೇಕು? ಮಾರ್ಗದರ್ಶಿ ಈ ಊರಿನವರೇ, ಅವರಿಗೆ ದಕ್ಕುವ ಕೂಲಿ ಎಷ್ಟು?

ಇವನ್ನು ಕೇಳಲು ಹೊಸ ಕಾನೂನೇನೂ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಅಧಿಕಾರ ನೀಡಿದೆ. ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ತಮ್ಮ ಊರಿನ ಹಳೆಯ ಕಾಲುಹಾದಿಗಳನ್ನು ಹಿರಿಯರೊಡನೆ ನಡೆದು ನೋಡಲಿ. ಹಾದಿಯ ಹೆಸರು, ಅದರ ನೀರಿನ ಸೆಲೆ, ಮುಟ್ಟಬಾರದ ತಾಣ, ಸವೆದ ಜಾಗ ಇವುಗಳನ್ನು ಬರೆದಿಟ್ಟು ಮಳೆಗಾಲಕ್ಕೆ ಮುನ್ನ ಗ್ರಾಮಸಭೆಯ ಮುಂದಿಡಲಿ. ಹೊರಗಿನವರು ನಕಾಶೆ ಹಿಡಿದು ಬರುವ ದಿನ ಊರಿನ ಕೈಯಲ್ಲಿ ತನ್ನದೇ ಆದ ನಕಾಶೆ ಇರಬೇಕು.